ಸಿ4, ಸಿ5: ಸಿಮೆಟ್ರಿಕಲ್ ಇಂಗ್ಲಿಷ್ ಓಪನಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಣಿಪಾಲ, ಮಂಗಳೂರು ಕಡೆಯ ಚೆಸ್ ಟೂರ್ನಮೆಂಟುಗಳಲ್ಲಿ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಚಹಾ ಕುಡಿಯುವಾಗ ಕೇಳಿಬರುವ ಪ್ರಶ್ನೆಗಳಿವು. ಕೆಲವು ಆಟಗಾರರದ್ದು, ಕೆಲವು ಅವರ ಅಪ್ಪ ಅಮ್ಮಂದಿರದ್ದು. ಕಾಯಿಗಳನ್ನು ಕುದುರೆ, ಒಂಟೆ, ಆನೆ, ರಾಣಿ, ಪೇದೆ ಎಂದೇ ಬರೆದಿದ್ದೇನೆ. ಕಾಯಿಯ ಹೆಸರಿಲ್ಲದೆ ಬರೀ ಮನೆ ಇದ್ದರೆ ಅದು ಪೇದೆಯ ನಡೆ. ಹೊಡೆತಕ್ಕೆ × ಗುರುತು. ಬೋರ್ಡ್ ಎದುರಿಗಿಟ್ಟುಕೊಂಡು ಓದಿದರೆ ಒಳ್ಳೆಯದು.

ಸಿಮೆಟ್ರಿಕಲ್ ಇಂಗ್ಲಿಷ್ ಅಂದರೆ ಏನು?

ಬಿಳಿ ಮೊದಲ ನಡೆಯಲ್ಲೇ ಸಿ ಪೇದೆಯನ್ನು ಎರಡು ಮನೆ ಮುಂದೆ ತಳ್ಳುತ್ತದೆ. ಕಪ್ಪು ಅದನ್ನೇ ಮಾಡುತ್ತದೆ. 1. ಸಿ4 ಸಿ5. ಅಷ್ಟೇ. ಇಬ್ಬರೂ ನಡುವಿನ ಮನೆಗಳಿಗೆ ನೇರವಾಗಿ ಪೇದೆ ಇಡುವುದಿಲ್ಲ, ಬದಿಯಿಂದ ಒತ್ತಡ ಹಾಕುತ್ತಾರೆ. ಸಾಮಾನ್ಯವಾಗಿ ಒಂಟೆಯನ್ನು ಬಿಳಿ ಜಿ2ರಲ್ಲಿ, ಕಪ್ಪು ಜಿ7ರಲ್ಲಿ ಕೂರಿಸುತ್ತದೆ. ಓಪನಿಂಗ್‌ಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ಎ30ರಿಂದ ಎ39ರ ತನಕದ ಸಂಖ್ಯೆಗಳಿವೆ.

ಇದಕ್ಕೆ ಇಂಗ್ಲಿಷ್ ಅಂತ ಹೆಸರು ಯಾಕೆ?

ಇಂಗ್ಲೆಂಡಿನ ಹೊವರ್ಡ್ ಸ್ಟಾಂಟನ್ 1843ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಸೇಂಟ್ ಅಮಾಂಟ್ ವಿರುದ್ಧ ದೊಡ್ಡ ಪಂದ್ಯ ಆಡಿ ಗೆದ್ದರು. ಅದರಲ್ಲಿ ಅವರು 1. ಸಿ4 ಆಡಿದ್ದರು. ಈಗ ನಾವು ಟೂರ್ನಮೆಂಟಿನಲ್ಲಿ ಬಳಸುವ ಕಾಯಿಗಳ ಮಾದರಿಗೂ ಇದೇ ಸ್ಟಾಂಟನ್ ಹೆಸರಿದೆ.

ಎದುರಾಳಿ ಆಡಿದ್ದನ್ನೇ ನಾನೂ ಆಡುತ್ತಾ ಹೋದರೆ ಸೋಲುವುದು ಹೇಗೆ? ಡ್ರಾ ಗ್ಯಾರಂಟಿ ಅಲ್ವಾ?

ಅಲ್ಲ. ಆದರೂ ಅತಿ ಜಾಸ್ತಿ ಕೇಳುವ ಪ್ರಶ್ನೆ ಇದೇ. ಅಂಡರ್ 13ರ ಮಕ್ಕಳು ಮಾತ್ರ ಕೇಳುವುದಲ್ಲ, ನಿವೃತ್ತರಾದ ಮೇಲೆ ಮತ್ತೆ ಆಡಲು ಬಂದ ದೊಡ್ಡವರೂ ಕೇಳುತ್ತಾರೆ.

ಮೊದಲನೆಯದಾಗಿ, ಚೆಕ್ ಬಂದರೆ ಕಾಪಿ ಹೊಡೆಯಲು ಆಗುವುದಿಲ್ಲ. ಚೆಕ್ ಕೊಟ್ಟವರಿಗೆ ತಿರುಗಿ ಚೆಕ್ ಕೊಟ್ಟರೆ ಸಾಲದು, ಮೊದಲು ನಮ್ಮ ರಾಜನನ್ನು ಉಳಿಸಿಕೊಳ್ಳಬೇಕು. ಎರಡನೆಯದು, ಸರದಿ ಯಾವಾಗಲೂ ಬಿಳಿಯದ್ದು. ಎರಡೂ ಕಡೆ ಸರಿಸಮ ಇರುವ ಸ್ಥಿತಿಯಲ್ಲಿ ಮೊದಲು ಹೊಡೆಯುವ ಹಕ್ಕು ಬಿಳಿಗೆ.

ಒಂದು ಉದಾಹರಣೆ ನೋಡಿ. 1. ಸಿ4 ಸಿ5 2. ಕುದುರೆ ಸಿ3, ಕುದುರೆ ಸಿ6 3. ಜಿ3 ಜಿ6 4. ಒಂಟೆ ಜಿ2, ಒಂಟೆ ಜಿ7 5. ಕುದುರೆ ಎಫ್3, ಕುದುರೆ ಎಫ್6. 6ನೇ ನಡೆಯಲ್ಲಿ ಇಬ್ಬರೂ ಕಿಂಗ್‌ಸೈಡ್ ಕ್ಯಾಸಲ್ (ರಾಜ ಎರಡು ಮನೆ ಆನೆಯ ಕಡೆ, ಆನೆ ರಾಜನನ್ನು ದಾಟಿ ಪಕ್ಕಕ್ಕೆ). 7. ಡಿ3 ಡಿ6 8. ಎ3 ಎ6 9. ಆನೆ ಬಿ1, ಆನೆ ಬಿ8 10. ಬಿ4 ಸಿ×ಬಿ4 11. ಎ×ಬಿ4 ಬಿ5 12. ಸಿ×ಬಿ5 ಎ×ಬಿ5. ಹನ್ನೆರಡು ನಡೆ ಆಯಿತು, ಬೋರ್ಡ್ ಇನ್ನೂ ಸರಿಸಮ. ಇದು ಸುಮ್ನೆ ಹುಟ್ಟಿಸಿದ ಸ್ಥಿತಿಯಲ್ಲ, ಗಟ್ಟಿ ಆಟಗಾರರ ನಡುವೆಯೂ ಬಂದಿದೆ.

ಇಲ್ಲಿಂದ ಕಪ್ಪು ಹಟ ಹಿಡಿದು ಕಾಪಿ ಮುಂದುವರಿಸಿತು ಅಂದುಕೊಳ್ಳಿ. 13. ಡಿ4 ಡಿ5 14. ಒಂಟೆ ಎಫ್4. ಈ ಒಂಟೆ ಈಗ ಬಿ8ರ ಆನೆಯನ್ನು ನೋಡುತ್ತಿದೆ. ಕಪ್ಪು 14... ಒಂಟೆ ಎಫ್5 ಆಡಿದರೆ ಅದು ಬಿ1ರ ಆನೆಯನ್ನು ನೋಡುತ್ತದೆ. 15. ಒಂಟೆ×ಬಿ8, ಒಂಟೆ×ಬಿ1 16. ರಾಣಿ×ಬಿ1, ರಾಣಿ×ಬಿ8. ಇಬ್ಬರೂ ಒಂದೊಂದು ಆನೆ, ಒಂದೊಂದು ಒಂಟೆ ಕಳೆದುಕೊಂಡರು. ಬೋರ್ಡ್ ಮತ್ತೆ ಸರಿಸಮ! ನೋಡುವವರಿಗೆ ನಗು ಬರುತ್ತದೆ. ಆದರೆ ಸರದಿ ಬಿಳಿಯದ್ದು. 17. ರಾಣಿ ಬಿ3 ಆಡಿದ ಕೂಡಲೇ ಡಿ5 ಪೇದೆಯ ಮೇಲೆ ರಾಣಿ, ಕುದುರೆ ಎರಡೂ ಬಿದ್ದವು. ಕಾಯುತ್ತಿರುವುದು ಎಫ್6ರ ಕುದುರೆ ಒಂದೇ. ಈಗ ಕಪ್ಪು ಎದುರಿನವರ ನಡೆ ನೋಡುವುದು ಬಿಟ್ಟು ಇ6 ಆಡುವುದು ಸಹಜ. ಆಟ ಸೋತಿಲ್ಲ. ಆದರೆ ಹದಿನಾರು ನಡೆ ಯೋಚನೆಯೇ ಮಾಡದೆ ಕೂತವನಿಗೆ ಈಗ ಏಕಾಏಕಿ ಯೋಚನೆ ಶುರು ಮಾಡಬೇಕು. ಅಷ್ಟರಲ್ಲಿ ಬಿಳಿಗೆ ತನ್ನ ಪ್ಲ್ಯಾನ್ ಏನೆಂದು ಗೊತ್ತಿರುತ್ತದೆ. ಕಾಪಿಯ ನಿಜವಾದ ನಷ್ಟ ಇದು.

ಈ ಓಪನಿಂಗ್‌ನಲ್ಲಿ ಸರಿಸಮ ಉಳಿಸಿಕೊಳ್ಳುವುದು ಗುರಿಯೇ ಅಲ್ಲ. ಅದನ್ನು ಯಾರು, ಯಾವಾಗ, ಯಾವ ಪೇದೆಯಿಂದ ಮುರಿಯುತ್ತಾರೆ ಎಂಬುದೇ ಆಟ. ಡಿ ಪೇದೆ, ಇಲ್ಲವೇ ಬಿ ಪೇದೆ. ಮುಂದಿನ ಹೆಚ್ಚಿನ ಉತ್ತರಗಳೂ ಈ ಎರಡು ಪೇದೆಗಳ ಸುತ್ತಲೇ ಇವೆ.

ಬಿಳಿಯಲ್ಲಿ ಆಡುವಾಗ ಡಿ4 ಯಾವಾಗ ತಳ್ಳಬೇಕು?

ಇಬ್ಬರೂ ಕ್ಯಾಸಲ್ ಮಾಡಿದ ಕೂಡಲೇ ತಳ್ಳಬಹುದು. ಮೇಲಿನ ಸಾಲಿನಲ್ಲೇ 7. ಡಿ3 ಬದಲು 7. ಡಿ4 ಆಡಿ. 7... ಸಿ×ಡಿ4 8. ಕುದುರೆ×ಡಿ4, ಕುದುರೆ×ಡಿ4 9. ರಾಣಿ×ಡಿ4 ಡಿ6. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಡಿ4ರಲ್ಲಿ ಕೂತ ರಾಣಿ ತುಂಬಾ ಜೋರಾಗಿ ಕಾಣುತ್ತದೆ. ಆದರೆ ಜಿ7ರ ಒಂಟೆಯ ಸಾಲಿನಲ್ಲೇ ಇದೆ, ನಡುವೆ ಇರುವುದು ಎಫ್6ರ ಕುದುರೆ ಮಾತ್ರ. ಆ ಕುದುರೆ ಒಳ್ಳೆಯ ಮನೆಗೆ ಹಾರಿದರೆ ರಾಣಿಗೆ ಪೆಟ್ಟು. ಅದಕ್ಕೇ 10. ರಾಣಿ ಡಿ3 ಆಡಿ ಪಕ್ಕಕ್ಕೆ ಸರಿಯುವುದು ರೂಢಿ.

ಈಗ ಬೋರ್ಡ್ ಸರಿಸಮ ಅಲ್ಲ. ಬಿಳಿಗೆ ಸಿ4 ಪೇದೆ ಇದೆ, ಜಾಗ ಸ್ವಲ್ಪ ಜಾಸ್ತಿ. ಕಪ್ಪಿಗೆ ಸಿ ಪೇದೆ ಹೋಗಿದೆ, ಡಿ ಮತ್ತು ಇ ಎರಡೂ ಉಳಿದಿವೆ. ಕಪ್ಪು ಎ6, ಆನೆ ಬಿ8, ಬಿ5 ಎಂದು ಸಿ4ನ್ನು ಕೆಣಕಲು ನೋಡುತ್ತದೆ. ಬಿಳಿ ಅದನ್ನು ತಡೆಯುತ್ತದೆ, ಇಲ್ಲವೇ ಆ ಹೊತ್ತಿನಲ್ಲಿ ನಡುವಿನಲ್ಲಿ ಏನಾದರೂ ಮಾಡುತ್ತದೆ.

ಇದರ ಜೊತೆ ಇ4 ಕೂಡ ಆಡಿ, ಸಿ4 ಮತ್ತು ಇ4 ಎರಡೂ ಪೇದೆಗಳಿಂದ ಡಿ5 ಮನೆಯನ್ನು ಅಮುಕಿ ಹಿಡಿದರೆ ಅದು ಮರೋಟ್ಸಿ ಬೈಂಡ್. ಹಂಗೇರಿಯ ಗೇಜಾ ಮರೋಟ್ಸಿ ಹೆಸರಿನದ್ದು. ಸಿಸಿಲಿಯನ್ (1. ಇ4 ಸಿ5 ಎಂದು ಶುರುವಾಗುವ ಓಪನಿಂಗ್) ಆಡುವವರಿಗೂ ಈ ಸ್ಥಿತಿ ಪರಿಚಯ ಇರುತ್ತದೆ, ಇ4ರಿಂದ ಶುರುವಾದ ಆಟವೂ ಇಲ್ಲಿಗೆ ಬಂದು ಸೇರುವುದುಂಟು.

ಡಿ4 ಬೇಡ, ನಿಧಾನಕ್ಕೆ ಆಡುತ್ತೇನೆ ಅಂದರೆ?

ಎರಡು ದಾರಿ. ಒಂದು ಎ3, ಆನೆ ಬಿ1, ಬಿ4. ಜಿ2ರ ಒಂಟೆ ಉದ್ದ ಕರ್ಣದಲ್ಲಿ ಬಿ7ರ ಕಡೆಗೇ ನೋಡುತ್ತಿರುವುದರಿಂದ ಕ್ವೀನ್‌ಸೈಡ್ ತೆರೆದುಕೊಂಡಷ್ಟೂ ಅದಕ್ಕೆ ಜೀವ. ಇನ್ನೊಂದು ಬೊಟ್ವಿನ್ನಿಕ್ ಸಿಸ್ಟಮ್: ಸಿ4, ಡಿ3, ಇ4, ಜಿ3, ಕುದುರೆಯನ್ನು ಎಫ್3ಕ್ಕೆ ಬದಲು ಇ2ಕ್ಕೆ. ಕುದುರೆ ಇ2ರಲ್ಲಿ ಇರುವುದರಿಂದ ಎಫ್ ಪೇದೆಗೆ ದಾರಿ ಖಾಲಿ, ಎಫ್4 ಆಡಬಹುದು. ನಷ್ಟ ಏನೆಂದರೆ ಡಿ4 ಮನೆ ತೂತು. ಅಲ್ಲಿ ಕಪ್ಪಿನ ಕುದುರೆ ಬಂದು ಕೂತರೆ ಅದನ್ನು ಪೇದೆಯಿಂದ ಓಡಿಸಲು ಆಗುವುದಿಲ್ಲ.

ನನ್ನ ಮಟ್ಟಿಗೆ ಕ್ಲಬ್ ಆಟಗಾರರಿಗೆ ಬೊಟ್ವಿನ್ನಿಕ್ ಸಿಸ್ಟಮ್ ಒಳ್ಳೆಯದು. ನೆನಪಿಟ್ಟುಕೊಳ್ಳಬೇಕಾದದ್ದು ಕಡಿಮೆ, ಕಾಯಿಗಳ ಜಾಗ ಪ್ರತಿ ಸಲ ಹೆಚ್ಚುಕಡಿಮೆ ಅದೇ.

ಕಪ್ಪು ಮೊದಲು ಮುರಿಯಬಹುದಾ?

ಧಾರಾಳವಾಗಿ. 1. ಸಿ4 ಸಿ5 2. ಕುದುರೆ ಸಿ3, ಕುದುರೆ ಎಫ್6 3. ಜಿ3 ಡಿ5 4. ಸಿ×ಡಿ5, ಕುದುರೆ×ಡಿ5 5. ಒಂಟೆ ಜಿ2, ಕುದುರೆ ಸಿ7. ಇದು ರುಬಿನ್‌ಸ್ಟೈನ್ ಸಿಸ್ಟಮ್. ಕುದುರೆ ಹಿಂದೆ ಹೋಗುವುದು ನೋಡಿದರೆ ಹೆದರಿ ಓಡಿದ ಹಾಗೆ ಕಾಣುತ್ತದೆ, ಅಲ್ಲ. ಮುಂದೆ ಇ5 ಆಡಿ ಡಿ4 ಮನೆಯನ್ನು ಪೂರ್ತಿ ತನ್ನದಾಗಿಸಿಕೊಳ್ಳುವ ಯೋಚನೆ ಅದು. ಹಾಗಾಗಿ ಬಿಳಿ ನಿದ್ದೆ ಮಾಡಿದರೆ ಕಪ್ಪಿಗೇ ಜಾಗ ಜಾಸ್ತಿ.

ಹೆಡ್ಜ್‌ಹಾಗ್ ಅಂತ ಕೇಳಿದ್ದೇನೆ. ಎಲ್ಲಾ ಪೇದೆಗಳನ್ನೂ ಮೂರನೇ ಸಾಲಿನಲ್ಲಿ ಇಟ್ಟುಕೊಂಡು ಕೂತರೆ ಗೆಲ್ಲುವುದು ಹೇಗೆ ಮಾರಾಯ್ರೆ?

ಹೆಡ್ಜ್‌ಹಾಗ್‌ನಲ್ಲಿ ಕಪ್ಪು ಸಿ ಪೇದೆಯನ್ನು ಡಿ4ರಲ್ಲಿ ಕೊಟ್ಟು, ಎ6, ಬಿ6, ಡಿ6, ಇ6 ಎಂದು ನಾಲ್ಕು ಪೇದೆಗಳ ಸಾಲು ಕಟ್ಟುತ್ತದೆ. ಕಾಯಿಗಳೆಲ್ಲ ಅದರ ಹಿಂದೆ. ಬಿಳಿಗೆ ಜಾಗವೋ ಜಾಗ. ಆದರೆ ಬಿ5 ಅಥವಾ ಡಿ5 ಯಾವ ಕ್ಷಣದಲ್ಲೂ ಸಿಡಿಯಬಹುದು. ಬಿಳಿ ಪ್ರತಿ ನಡೆಗೂ ಅದನ್ನು ಲೆಕ್ಕ ಹಾಕಬೇಕು.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಒಂದು ಟೂರ್ನಮೆಂಟ್ ಆಟವನ್ನೇ ನೋಡುವುದು ವಾಸಿ. 1982, ಸ್ವಿಟ್ಜರ್ಲೆಂಡಿನ ಲೂಸರ್ನ್ ಒಲಿಂಪಿಯಾಡ್. ಬಿಳಿ ಸೋವಿಯತ್ ಒಕ್ಕೂಟದ ಲೆವ್ ಪೊಲುಗಾಯೆವ್‌ಸ್ಕಿ, ಕಪ್ಪು ಚೆಕೊಸ್ಲೊವಾಕಿಯಾದ ಲುಬೊಮಿರ್ ಫ್ಟಾಚ್ನಿಕ್.

ಶುರುವಾದದ್ದು 1. ಕುದುರೆ ಎಫ್3, ಕುದುರೆ ಎಫ್6 2. ಸಿ4 ಸಿ5 ಎಂದು. ಕ್ರಮ ಬೇರೆ, ತಲುಪಿದ ಜಾಗ ನಮ್ಮ ಸಿಮೆಟ್ರಿಕಲ್ ಇಂಗ್ಲಿಷ್. 3. ಕುದುರೆ ಸಿ3 ಇ6: ಮೂರನೇ ನಡೆಗೇ ಫ್ಟಾಚ್ನಿಕ್ ಕಾಪಿ ಬಿಟ್ಟರು. ಒಂಟೆಯನ್ನು ಬಿ7ಕ್ಕೆ ತಂದರು, 7. ಡಿ4 ಸಿ×ಡಿ4 8. ರಾಣಿ×ಡಿ4 ಆದ ಮೇಲೆ ಹೆಡ್ಜ್‌ಹಾಗ್ ಕಟ್ಟಿದರು. ರಾಣಿ ಮೊದಲು ಬಿ8ಕ್ಕೆ, ಆಮೇಲೆ ಸಿ7ಕ್ಕೆ. ಆನೆಗಳು ಡಿ8 ಮತ್ತು ಸಿ8ರಲ್ಲಿ. ಹದಿನಾರನೇ ನಡೆ ತನಕ ಕಪ್ಪು ತನ್ನ ಮನೆಯೊಳಗೇ ಓಡಾಡಿತು, ಕುದುರೆಯೊಂದು ಇ5ಕ್ಕೆ ಬಂದದ್ದು ಬಿಟ್ಟರೆ.

17ನೇ ನಡೆಯಲ್ಲಿ ಬಿಳಿ ಎಚ್3 ಆಡಿತು. ಎಫ್4 ತಳ್ಳಿ ಆ ಕುದುರೆಯನ್ನು ಓಡಿಸುವ ತಯಾರಿ. ಫ್ಟಾಚ್ನಿಕ್ ಉತ್ತರ: 17... ಎಚ್5. ಕ್ಯಾಸಲ್ ಮಾಡಿದ ಕಡೆಯ ಪೇದೆಯನ್ನೇ ತಳ್ಳಿದರು! 18. ಎಫ್4, ಕುದುರೆ ಜಿ6 19. ಕುದುರೆ ಎಫ್3 ಡಿ5. ಅಷ್ಟು ಹೊತ್ತು ಕಾದ ಡಿ ಪೇದೆ ಈಗ ಸಿಡಿಯಿತು. 20. ಸಿ×ಡಿ5 ಎಚ್4. ಡಿ5ರಲ್ಲಿ ಪೇದೆ ವಾಪಸ್ ಹೊಡೆಯಲಿಲ್ಲ, ಬದಲು ಎಚ್ ಪೇದೆ ಇನ್ನೂ ಮುಂದೆ. 21. ಕುದುರೆ×ಎಚ್4, ಕುದುರೆ×ಎಚ್4 22. ಜಿ×ಎಚ್4, ರಾಣಿ×ಎಫ್4. ಡಿ6ರಲ್ಲಿ ಪೇದೆ ಇಲ್ಲದ ಕಾರಣ ಸಿ7ರ ರಾಣಿ ನೇರ ಎಫ್4ಕ್ಕೆ ಹಾರಿತು, ನೋಡಿ. ಬಿಳಿ ರಾಜನ ಎದುರು ಪೇದೆಗಳ ಗೋಡೆ ಒಡೆದುಹೋಯಿತು.

23. ಡಿ×ಇ6 ಎಫ್×ಇ6 24. ಇ5, ಒಂಟೆ ಸಿ5 ಚೆಕ್ 25. ರಾಜ ಎಚ್1, ಕುದುರೆ ಎಚ್5. ಕುದುರೆ ದಾನ. 26. ರಾಣಿ×ಎಚ್5, ರಾಣಿ ಜಿ3. ಈಗ ಜಿ2ರಲ್ಲಿ ಮೇಟ್ ಬೆದರಿಕೆ, ಯಾಕೆಂದರೆ ಬಿ7ರ ಒಂಟೆಯ ದಾರಿ ಪೂರ್ತಿ ಖಾಲಿ. 27. ಕುದುರೆ ಡಿ5 ಅಂತ ಬಿಳಿ ದಾರಿಗೆ ಅಡ್ಡ ಹಾಕಿತು. 27... ಆನೆ×ಡಿ5 28. ಆನೆ ಎಫ್1, ರಾಣಿ×ಜಿ2 ಚೆಕ್! ರಾಣಿಯನ್ನೇ ಕೊಟ್ಟರು. 29. ರಾಜ×ಜಿ2, ಆನೆ ಡಿ2 ಚೆಕ್. ಆನೆ ಸರಿದ ಕೂಡಲೇ ಹಿಂದಿನಿಂದ ಒಂಟೆಯ ಚೆಕ್ಕೂ ಬಂತು. ಪೊಲುಗಾಯೆವ್‌ಸ್ಕಿ ಅಲ್ಲಿಗೆ ಸೋಲೊಪ್ಪಿದರು.

ಸೋತವರು ಸಣ್ಣ ಆಟಗಾರರಲ್ಲ, ವಿಶ್ವ ಚಾಂಪಿಯನ್ ಪಟ್ಟಕ್ಕೆ ಸ್ಪರ್ಧಿಗಳನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಗಳಲ್ಲಿ ಹಲವು ಸಲ ಆಡಿದವರು. ಈ ಆಟವನ್ನು ಒಮ್ಮೆ ಪೂರ್ತಿಯಾಗಿ ಕೈಯಿಂದ ಕಾಯಿ ಸರಿಸಿ ಆಡಿ ನೋಡಿ. ಮೊಬೈಲ್‌ನಲ್ಲಿ ಬೆರಳು ಜಾರಿಸಿದರೆ 17... ಎಚ್5ರ ಬೆಲೆ ತಿಳಿಯುವುದಿಲ್ಲ.

ಮಗಳಿಗೆ ಎಂಟು ವರ್ಷ. ಇದನ್ನೇ ಮೊದಲ ಓಪನಿಂಗ್ ಆಗಿ ಕಲಿಸಬಹುದಾ?

ಬೇಡ. ಇದು ನನ್ನ ಅಭಿಪ್ರಾಯ, ಒಪ್ಪದ ಕೋಚ್‌ಗಳಿದ್ದಾರೆ. ಮೊದಲು ಇ4 ಆಡಲಿ. ಕಾಯಿ ಬೇಗ ಹೊರಗೆ ಬರಬೇಕು, ಹೊಡೆದಾಟ ಆಗಬೇಕು, ಎಫ್7ರಲ್ಲಿ ಮೇಟ್ ತಿನ್ನಬೇಕು, ಕೊಡಬೇಕು. ಟ್ಯಾಕ್ಟಿಕ್ಸ್ ಕಣ್ಣಿಗೆ ಬೀಳುವುದು ಹಾಗೆ. ಸಿ4 ಸಿ5 ಆಡುವ ಸಣ್ಣ ಮಕ್ಕಳು ಹತ್ತು ನಡೆ ಚಂದ ಆಡುತ್ತಾರೆ, ಆಮೇಲೆ "ಈಗ ಎಂಥ ಮಾಡುವುದು?" ಅಂತ ಚಾವಣಿ ನೋಡುತ್ತಾ ಕೂರುತ್ತಾರೆ. ಪೇದೆ ಮುರಿಯುವ ಹೊತ್ತು ಯಾವುದು ಎಂಬ ತಾಳ್ಮೆ ಬಂದ ಮೇಲೆ ಇದನ್ನು ಹಿಡಿದರೆ ಬಹಳ ವರ್ಷ ಜೊತೆಗಿರುತ್ತದೆ.

ಇನ್ನೊಂದು ಮಾತು. ಏಪ್ರಿಲ್, ಮೇ ರಜೆಯಲ್ಲಿ ಟೂರ್ನಮೆಂಟೂ ಜಾಸ್ತಿ, ಯಕ್ಷಗಾನ ಬಯಲಾಟವೂ ಜಾಸ್ತಿ. ರಾತ್ರಿ ಆಟ ನೋಡಿ ಬಂದ ಮಗುವನ್ನು ಬೆಳಿಗ್ಗೆ ಒಂಬತ್ತಕ್ಕೆ ಬೋರ್ಡ್ ಎದುರು ಕೂರಿಸಬೇಡಿ. ಯಾವ ಓಪನಿಂಗೂ ಕಾಪಾಡುವುದಿಲ್ಲ.

ನಮ್ಮ ಕಡೆಯ ಒಂದು ದಿನದ ರ‍್ಯಾಪಿಡ್ ಟೂರ್ನಮೆಂಟ್‌ಗೆ ಇದು ಆಗುತ್ತದಾ?

ಆಗುತ್ತದೆ, ಒಂದು ಷರತ್ತಿನ ಮೇಲೆ. ಮೊದಲ ಎಂಟು ಹತ್ತು ನಡೆಗೆ ಗಡಿಯಾರದ ಸಮಯ ಖರ್ಚು ಮಾಡಬಾರದು. ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡ್ ಸೇರ್ಪಡೆ ಇರುವ ಆಟದಲ್ಲಿ ಅರವತ್ತು ನಡೆಯ ಲೆಕ್ಕ ಹಿಡಿದರೆ ಒಬ್ಬರಿಗೆ ಒಟ್ಟು 25 ನಿಮಿಷ. ಅದರಲ್ಲಿ ಆರು ನಿಮಿಷ ಓಪನಿಂಗಿಗೇ ಹೋದರೆ, ಪೇದೆ ಮುರಿಯುವ ಹೊತ್ತಿಗೆ ಯೋಚಿಸಲು ಏನೂ ಉಳಿಯದು. ರ‍್ಯಾಪಿಡ್‌ನಲ್ಲಿ ಬೊಟ್ವಿನ್ನಿಕ್ ಸಿಸ್ಟಮ್, ಹೆಚ್ಚು ಸಮಯ ಸಿಗುವ ಕ್ಲಾಸಿಕಲ್‌ನಲ್ಲಿ 7. ಡಿ4. ನಾನು ಕೊಡುವ ಸಲಹೆ ಇದು.

ಎದುರಾಳಿ ಹತ್ತನೇ ನಡೆಗೇ ಡ್ರಾ ಕೇಳುತ್ತಾರೆ. ಏನು ಮಾಡಲಿ?

ಬೇಡ ಅನ್ನಿಸಿದರೆ ಬೇಡ ಎನ್ನಿ, ಇಲ್ಲವೇ ಸುಮ್ನೆ ನಿಮ್ಮ ನಡೆ ಆಡಿ, ಅದೇ ಉತ್ತರ. ಆಫರ್ ಕೊಡುವ ಸರಿಯಾದ ಕ್ರಮ: ಮೊದಲು ನಡೆ ಆಡಬೇಕು, ಆಮೇಲೆ ಡ್ರಾ ಎನ್ನಬೇಕು, ಆಮೇಲೆ ಗಡಿಯಾರ ಒತ್ತಬೇಕು. ನಿಮ್ಮ ಯೋಚನೆಯ ಹೊತ್ತಿನಲ್ಲಿ ಮತ್ತೆ ಮತ್ತೆ ಕೇಳಿ ಕಾಟ ಕೊಟ್ಟರೆ ಆರ್ಬಿಟರ್‌ಗೆ (ತೀರ್ಪುಗಾರರಿಗೆ) ಹೇಳಿ. ಇಂತಿಷ್ಟು ನಡೆಗಿಂತ ಮೊದಲು ಡ್ರಾ ಒಪ್ಪಿಕೊಳ್ಳುವಂತಿಲ್ಲ ಎಂಬ ನಿಯಮವನ್ನು ಆಯೋಜಕರು ಹಾಕಿರಬಹುದು, ಪ್ರಾಸ್ಪೆಕ್ಟಸ್ ಓದಿಕೊಳ್ಳಿ.

ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ತಾನಾಗಿ ಆಗುವುದಿಲ್ಲ, ಕೇಳಬೇಕು. ನಿಮ್ಮ ನಡೆಯಿಂದ ಮೂರನೇ ಸಲ ಬರುವುದಾದರೆ ನಡೆಯನ್ನು ಹಾಳೆಯಲ್ಲಿ ಬರೆಯಿರಿ, ಬೋರ್ಡ್ ಮೇಲೆ ಆಡಬೇಡಿ, ಗಡಿಯಾರ ನಿಲ್ಲಿಸಿ ಆರ್ಬಿಟರ್‌ನ್ನು ಕರೆಯಿರಿ. ಕ್ಲೇಮ್ ತಪ್ಪಾದರೆ ಎದುರಾಳಿಗೆ ಎರಡು ನಿಮಿಷ ಸೇರುತ್ತದೆ. ಐದು ಸಲ ಬಂದರೆ ಮಾತ್ರ ಯಾರೂ ಕೇಳದಿದ್ದರೂ ಡ್ರಾ.

ನಡೆ ಬರೆಯುವುದು ಕಡ್ಡಾಯವಾ?

ಕ್ಲಾಸಿಕಲ್‌ನಲ್ಲಿ ಹೌದು. ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ ಇದ್ದರೆ ಕೊನೆಯ ತನಕ ಬರೆಯಬೇಕು. ರ‍್ಯಾಪಿಡ್, ಬ್ಲಿಟ್ಜ್‌ನಲ್ಲಿ ಕಡ್ಡಾಯ ಇಲ್ಲ.

ಕ್ಯಾಸಲ್ ಮಾಡುವಾಗ ಮೊದಲು ಆನೆ ಮುಟ್ಟಿದೆ. ಎದುರಾಳಿ ಜಗಳ ತೆಗೆದರು. ಅವರದ್ದು ಸರಿಯಾ?

ಸರಿ. ಮೊದಲು ರಾಜ, ಅದೂ ಒಂದೇ ಕೈಯಲ್ಲಿ. ಆನೆ ಮೊದಲು ಮುಟ್ಟಿದರೆ ಆನೆಯನ್ನೇ ಆಡಬೇಕು.

ಮಗನಿಗೆ ಇನ್ನೂ ರೇಟಿಂಗ್ ಇಲ್ಲ. ಎಷ್ಟು ಆಟ ಬೇಕು?

ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ರೇಟಿಂಗ್ ಬರಲು ರೇಟಿಂಗ್ ಇರುವವರ ವಿರುದ್ಧ ಕನಿಷ್ಠ ಐದು ಆಟ ಲೆಕ್ಕಕ್ಕೆ ಬೀಳಬೇಕು. 2024ರ ಮಾರ್ಚ್‌ನಿಂದ ರೇಟಿಂಗ್ ಶುರುವಾಗುವುದೇ 1400ರಿಂದ, ಅದಕ್ಕಿಂತ ಕೆಳಗಿನದ್ದು ಪಟ್ಟಿಗೆ ಬರುವುದಿಲ್ಲ. ಹೊಸಬರಿಗೆ ಏರಿಳಿತವೂ ಜೋರು, ಒಂದೇ ಟೂರ್ನಮೆಂಟಿನಲ್ಲಿ ತುಂಬಾ ಹೋಯಿತು ಅಂತ ಅಳುವ ಅಗತ್ಯ ಇಲ್ಲ.

ಇಂಜಿನ್‌ನಲ್ಲಿ (ಕಂಪ್ಯೂಟರಿನ ಚೆಸ್ ಪ್ರೋಗ್ರಾಮಿನಲ್ಲಿ) ಹಾಕಿದರೆ ಹೆಚ್ಚು ಸಲ ಸೊನ್ನೆಯ, ಅಂದರೆ ಸಮಬಲದ, ಹತ್ತಿರವೇ ತೋರಿಸುತ್ತದೆ. ಹಾಗಾದರೆ ಕಲಿತು ಪ್ರಯೋಜನ ಏನು?

ಇಂಜಿನ್ ಸೊನ್ನೆ ತೋರಿಸುವುದು ಎರಡೂ ಕಡೆ ಇಂಜಿನ್ ಆಡಿದರೆ. ಬಲ್ಮಠದ ಹಾಲ್‌ನಲ್ಲಿ ಮಳೆಗಾಲದ ಸೆಖೆಗೆ ಬೆವರುತ್ತಾ, ಆರನೇ ಸುತ್ತಿನಲ್ಲಿ, ಹೊಟ್ಟೆಯೊಳಗೆ ನಾಲ್ಕು ಗೋಳಿಬಜೆ ಇಟ್ಟುಕೊಂಡು ಕೂತವರ ನಡುವೆ ಸೊನ್ನೆ ಎಂಬುದಿಲ್ಲ. ಅಲ್ಲಿ ಪ್ಲ್ಯಾನ್ ಗೊತ್ತಿದ್ದವರಿಗೆ ಮೇಲುಗೈ.

ಇಂಜಿನ್ ಬಳಸಿ, ಆದರೆ ಕೊನೆಗೆ. ಮೊದಲು ನಿಮ್ಮ ಆಟವನ್ನು ನೀವೇ ನೋಡಿ, ಡಿ ಅಥವಾ ಬಿ ಪೇದೆ ಯಾವಾಗ ಹೋಗಬೇಕಿತ್ತು ಅಂತ ಹಾಳೆಯ ಮೇಲೆ ಗುರುತು ಹಾಕಿ. ಆಮೇಲೆ ಇಂಜಿನ್ ಏನು ಹೇಳುತ್ತದೆ ನೋಡಿ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್‌ನಲ್ಲಿ ಬರುವವರು ಇದನ್ನು ವಾಪಸ್ ಹೋಗುವಾಗಲೇ ಮಾಡಬಹುದು. ಸುರತ್ಕಲ್ ದಾಟುವಷ್ಟರಲ್ಲಿ ಒಂದು ಆಟ ಆಗುತ್ತದೆ, ಪಡುಬಿದ್ರಿಗೆ ಎರಡು. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಮಾತ್ರ.

ಫೋನ್ ಕಿಸೆಯಲ್ಲಿದ್ದರೆ?

ಆಟದ ಹಾಲ್‌ಗೆ ತರಲೇಬೇಡಿ. ಆಡುವಾಗ ಮೈಮೇಲೆ ಫೋನ್ ಇರುವುದು ಗೊತ್ತಾದರೆ ಆಟ ಹೋಯಿತೆಂದೇ ಲೆಕ್ಕ. ರಿಂಗ್ ಆಗಬೇಕೆಂದಿಲ್ಲ. ಹೊರಗೆ ಕೂತ ಅಪ್ಪನ ಕೈಗೆ ಕೊಟ್ಟು ಹೋಗಿ.

ನಾನು 1. ಸಿ4 ಆಡಿದೆ, ಎದುರಾಳಿ ಸಿ5 ಆಡಲೇ ಇಲ್ಲ. ಈಗ?

ಇ5 ಬಂದರೆ ನೀವು ಒಂದು ನಡೆ ಮುಂದಿರುವ ಸಿಸಿಲಿಯನ್ ಆಡುತ್ತಿದ್ದೀರಿ, ಬಣ್ಣ ಮಾತ್ರ ತಿರುಗಿದೆ. ಇ6 ಅಥವಾ ಸಿ6 ಬಂದರೆ ಮುಂದೆ ಡಿ5 ಬರುತ್ತದೆ, ಡಿ4 ಆಡಿ ಕ್ವೀನ್ಸ್ ಗ್ಯಾಂಬಿಟ್ ಅಥವಾ ಸ್ಲಾವ್ ಎಂಬ ಓಪನಿಂಗ್‌ಗಳಿಗೆ ಹೋಗಲು ಒಪ್ಪಿಗೆಯಾ ಅಂತ ಮನೆಯಲ್ಲೇ ತೀರ್ಮಾನಿಸಿ ಬನ್ನಿ. ಕುದುರೆ ಎಫ್6 ಬಂದರೆ ಅವರು ಇನ್ನೂ ಏನೂ ಹೇಳಿಲ್ಲ. ನೀವೂ ಕುದುರೆ ಸಿ3 ಅಥವಾ ಜಿ3 ಆಡಿ ಕಾಯಬಹುದು, ಎರಡನೇ ನಡೆಗೆ ಸಿ5 ಬಂದರೂ ಬರಬಹುದು.